ಅಫೀಮಿನ ಒಗಟು ಬಿಡಿಸಿದ ಕೊಸ್ಟರ್ಲಿಟ್ಸ್

ಕುಶಾಲನಗರದಿಂದ ಕೊಣನೂರಿನ ಕಡೆಗೆ ಸಾಗುವ ಹಾದಿಯಲ್ಲಿ, ಕೊಡಗಿನ ಗಡಿ ಮುಗಿದು ಹಾಸನ ಜಿಲ್ಲೆ ತೊಡಗುವಲ್ಲಿ, ಕಾವೇರಿಯ ಮಗ್ಗುಲಲ್ಲಿ ಶಿರಂಗಾಲವೆಂಬ ಊರಿದೆ. ನಮ್ಮ ಆ ಊರಿನಲ್ಲಿ ಮದುವೆಯ ಊಟಕ್ಕೆ ಗಸಗಸೆ ಪಾಯಸ ಮಾಡಿದರೆ, ಉಂಡ ಹಿರಿಯರು ಚಪ್ಪರದ ನೆರಳಿನಲ್ಲಿ ಒರಗಿ ಕಣ್ಣು ಮುಚ್ಚುವುದು ವಾಡಿಕೆ. ಅದು ಗಸಗಸೆಯ ಗುಣವೆಂದು ಎಲ್ಲರೂ ನಗುತ್ತ ಹೇಳಿಕೊಳ್ಳುತ್ತಾರೆ. ನಿದ್ದೆ ತರುವುದು ಗಸಗಸೆಯೋ ಹೊಟ್ಟೆತುಂಬ ಉಂಡ ಊಟವೋ ಎಂಬುದು ಬೇರೆ ಮಾತು. ಬೀಜದಲ್ಲಿ ಮತ್ತಿನ ಅಂಶ ಇಲ್ಲವೆನ್ನುವಷ್ಟು ಕಡಮೆ. ಆದರೆ ಆ ಬೀಜವನ್ನು ಹೊರುವ ಗಿಡ ಸಾಮಾನ್ಯವಾದುದಲ್ಲ. ಅದರ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಗಾಳಿಗೆ ಒಣಗಿ ಕಪ್ಪಾದರೆ ಅದೇ ಅಫೀಮು.

ಅಫೀಮು ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಪರಿಚಿತ. ತಾಳಲಾರದ ನೋವನ್ನು ಅದು ತಗ್ಗಿಸುತ್ತದೆ, ಕೆಮ್ಮನ್ನು ಅಡಗಿಸುತ್ತದೆ, ಭೇದಿಯನ್ನು ನಿಲ್ಲಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧಿಕಾರನು ಅದರ ಸಾರವಾದ ಮಾರ್ಫೀನನ್ನು ಬೇರ್ಪಡಿಸಿದನು. ಶಸ್ತ್ರವೈದ್ಯರಿಗೆ ಅದು ವರವಾಯಿತು. ಆದರೆ ನೋವಿಗೆಂದು ತೆಗೆದುಕೊಂಡವರಲ್ಲಿ ಕೆಲವರು ನೋವು ಹೋದ ಮೇಲೂ ಅದನ್ನು ಬಿಡಲಾರದೆ ಹೋದರು. ಕಾಪಾಡುವ ಮದ್ದೇ ಕಾಡುವ ಮಾರಿಯೂ ಆಗುವುದೇಕೆ? ಎಲ್ಲೋ ಹೊಲದಲ್ಲಿ ಬೆಳೆದ ಗಿಡದ ಹಾಲಿಗೂ ಮನುಷ್ಯನ ಮಿದುಳಿಗೂ ಏನು ನಂಟು? ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಉತ್ತರ ಕಾಣದೆ ಉಳಿದಿದ್ದ ಈ ಪ್ರಶ್ನೆಯ ಗಂಟನ್ನು ಸಡಿಲಿಸಿದವರು, ಕೆಲಸದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಒಬ್ಬ ವೃದ್ಧರು ಮತ್ತು ಅವರ ಯುವ ಸಹೋದ್ಯೋಗಿ. ಆ ವೃದ್ಧರೇ ಹಾನ್ಸ್ ವಾಲ್ಟರ್ ಕೊಸ್ಟರ್ಲಿಟ್ಸ್.

ಕೊಸ್ಟರ್ಲಿಟ್ಸರು ಹುಟ್ಟಿದ್ದು ೧೯೦೩ರ ಏಪ್ರಿಲ್ ೨೭ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ. ಅವರದು ಯೆಹೂದಿ ಮನೆತನ, ತಂದೆ ವೈದ್ಯರು. ಆದರೂ ಮಗ ವೈದ್ಯನಾಗುವುದು ತಂದೆಗೆ ಇಷ್ಟವಿರಲಿಲ್ಲ. ತಂದೆಯ ಮಾತಿಗೆ ಕಟ್ಟುಬಿದ್ದು ಹಾನ್ಸ್ ಮೊದಲು ಕಾನೂನಿನ ಓದಿಗೆ ಸೇರಿದರು. ಕೆಲವೇ ತಿಂಗಳುಗಳಲ್ಲಿ ಅದು ತಮ್ಮ ದಾರಿಯಲ್ಲವೆಂದು ಮನಗಂಡು ವೈದ್ಯವಿದ್ಯೆಯ ಕಡೆಗೆ ತಿರುಗಿದರು. ಪದವಿ ಪಡೆದ ಮೇಲೆ ಬರ್ಲಿನ್ನಿನ ಹೆಸರಾಂತ ಷಾರಿಟೆ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು. ಹಗಲು ರೋಗಿಗಳ ಆರೈಕೆ, ಉಳಿದ ಹೊತ್ತಿನಲ್ಲಿ ಪ್ರಯೋಗಾಲಯ. ಶರೀರವು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತದೆಯೆಂಬುದು ಆಗ ಅವರ ಆಸಕ್ತಿಯ ವಿಷಯವಾಗಿತ್ತು.

೧೯೩೩ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರ ಹಿಡಿದನು. ಯೆಹೂದಿಗಳು ಸರ್ಕಾರಿ ಹುದ್ದೆಗಳಲ್ಲಿ ಇರಕೂಡದೆಂಬ ಕಾಯಿದೆ ಅದೇ ವರ್ಷ ಬಂದಿತು. ಕೊಸ್ಟರ್ಲಿಟ್ಸರು ಕೆಲಸ ಕಳೆದುಕೊಂಡರು. ಮೂವತ್ತರ ಹರೆಯದಲ್ಲಿ, ಹುಟ್ಟಿದ ನಾಡಿನಲ್ಲಿಯೇ ಬೇಡವಾದವರಾಗಿ, ೧೯೩೪ರಲ್ಲಿ ಅವರು ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋದರು. ಉತ್ತರ ಸಮುದ್ರದ ದಡದ ಆ ಚಳಿಯ ಊರನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಇನ್ಸುಲಿನ್ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದ ಮ್ಯಾಕ್ಲಿಯೋಡ್ ಅಲ್ಲಿದ್ದರು. ಅವರ ಬರಹಗಳನ್ನು ಕೊಸ್ಟರ್ಲಿಟ್ಸರು ಓದಿ ಮೆಚ್ಚಿದ್ದರು. ಆದರೆ ಆ ಗುರುವಿನ ಸಾನ್ನಿಧ್ಯ ಬಹುಕಾಲ ದೊರೆಯಲಿಲ್ಲ. ೧೯೩೫ರಲ್ಲಿ ಮ್ಯಾಕ್ಲಿಯೋಡ್ ತೀರಿಕೊಂಡರು. ಆಶ್ರಯ ಅರಸಿ ಬಂದವರು ಆ ಊರನ್ನು ಮತ್ತೆ ಬಿಡಲಿಲ್ಲ. ಮುಂದಿನ ಅರುವತ್ತು ವರ್ಷಗಳು ಅಬರ್ಡೀನೇ ಅವರ ಮನೆಯಾಯಿತು. ಜರ್ಮನಿಯಿಂದ ಬಂದು ಸೇರಿದ ಹಾನಾ ಅವರನ್ನು ೧೯೩೭ರಲ್ಲಿ ಮದುವೆಯಾದರು. ೧೯೪೩ರಲ್ಲಿ ಮೈಕಲ್ ಎಂಬ ಮಗ ಹುಟ್ಟಿದನು.

ಸಕ್ಕರೆಯ ಮೇಲಣ ಅಧ್ಯಯನ ಮತ್ತು ಯುದ್ಧಕಾಲದಲ್ಲಿ ಆಹಾರದ ಪ್ರೋಟೀನನ್ನು ಕುರಿತು ನಡೆಸಿದ ಕೆಲಸ ಇವೆಲ್ಲ ವಿದ್ವಾಂಸರ ಮೆಚ್ಚುಗೆ ಪಡೆದರೂ ನಮ್ಮ ಕಥೆಗೆ ಮುಖ್ಯವಲ್ಲ. ನಡುವಯಸ್ಸು ದಾಟುವ ಹೊತ್ತಿಗೆ ಅವರ ಗಮನ ಕರುಳಿನ ಕಡೆಗೆ ಹರಿಯಿತು. ಕರುಳು ಆಹಾರವನ್ನು ಅಲೆಅಲೆಯಾಗಿ ಮುಂದೂಡುವುದನ್ನು ನಿಯಂತ್ರಿಸುವ ನರಗಳ ಬಲೆಯೊಂದು ಅದರ ಗೋಡೆಯಲ್ಲಿಯೇ ಇದೆ. ಅಫೀಮು ಭೇದಿಯನ್ನು ನಿಲ್ಲಿಸುವುದು ಈ ಅಲೆಗಳನ್ನು ತಡೆಯುವುದರಿಂದಲೇ. ಅಂದಮೇಲೆ, ಮಾರ್ಫೀನು ನರದ ಮೇಲೆ ಏನು ಮಾಡುತ್ತದೆಂದು ತಿಳಿಯಲು ಮಿದುಳಿನೊಳಗೆ ಇಣುಕಬೇಕಾದುದಿಲ್ಲ. ಕರುಳಿನ ಒಂದು ತುಣುಕು ಸಾಕು. ಎಷ್ಟು ಸರಳವಾದ ಯೋಚನೆ! ಮಿದುಳಿನ ರಹಸ್ಯವನ್ನು ಕರುಳಿನಲ್ಲಿ ಹುಡುಕುವವರನ್ನು ಕಂಡು ನಕ್ಕವರೂ ಇದ್ದಿರಬಹುದು.

ಅವರ ಪ್ರಯೋಗದ ಸಲಕರಣೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮೈಯ ಬಿಸುಪಿನಷ್ಟೇ ಬೆಚ್ಚಗಿರುವ ಲವಣದ್ರಾವಣ ತುಂಬಿದ ಗಾಜಿನ ಚಿಕ್ಕ ಪಾತ್ರೆ. ಅದರಲ್ಲಿ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯ ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಲಿದ, ನರಗಳು ಅಂಟಿಕೊಂಡೇ ಇರುವ ಸ್ನಾಯುವಿನ ತೆಳುವಾದ ಪಟ್ಟಿ. ಸಾಕಷ್ಟು ಆಮ್ಲಜನಕ ದೊರೆತರೆ ಆ ಪಟ್ಟಿ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ವಿದ್ಯುತ್ತಿನ ಕಿರುತುಡಿತ ಕೊಟ್ಟಾಗಲೆಲ್ಲ ಅದು ಕುಗ್ಗುತ್ತದೆ. ಕುಗ್ಗಿದ್ದಷ್ಟನ್ನು ಕಾಗದದ ಮೇಲೆ ಗೆರೆಯೊಂದು ದಾಖಲಿಸುತ್ತದೆ. ಮಾರ್ಫೀನಿನ ತೊಟ್ಟು ಬಿದ್ದರೆ ಕುಗ್ಗುವಿಕೆ ಕಿರಿದಾಗುತ್ತದೆ. ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ನರದ ತುದಿ ಹೊರಬಿಡದಂತೆ ಮಾರ್ಫೀನು ತಡೆಯುವುದೇ ಇದಕ್ಕೆ ಕಾರಣ. ಮಾರ್ಫೀನಿನ ವೈರಿಯಾದ ನಲೋಕ್ಸೋನ್ ಎಂಬ ಔಷಧವನ್ನು ಹಾಕಿದೊಡನೆ ಪಟ್ಟಿ ಮತ್ತೆ ಮೊದಲಿನಂತೆ ಕುಗ್ಗತೊಡಗುತ್ತದೆ.

ಹಲವು ವರ್ಷಗಳ ಕಾಲ ಕೊಸ್ಟರ್ಲಿಟ್ಸರು ಒಂದಾದಮೇಲೊಂದರಂತೆ ಅಫೀಮಿನ ಬಳಗದ ಔಷಧಗಳನ್ನು ಈ ಪಟ್ಟಿಯ ಮೇಲೆ ಪರೀಕ್ಷಿಸಿದರು. ಕಂಡುಬಂದ ಸಂಗತಿ ಸೋಜಿಗದ್ದಾಗಿತ್ತು. ಮನುಷ್ಯನ ನೋವನ್ನು ಯಾವ ಔಷಧ ಹೆಚ್ಚು ತಗ್ಗಿಸುತ್ತದೆಯೋ ಅದೇ ಔಷಧ ಗಿನಿಪಿಗ್ಗಿನ ಕರುಳನ್ನೂ ಹೆಚ್ಚು ತಡೆಯುತ್ತಿತ್ತು. ಎಂದರೆ, ಕರುಳಿನ ನರದಲ್ಲಿಯೂ ಮಿದುಳಿನ ನರದಲ್ಲಿಯೂ ಒಂದೇ ಬಗೆಯ ಬೀಗವಿದೆ. ಮಾರ್ಫೀನು ಅದಕ್ಕೆ ಹೊಂದುವ ಕೀಲಿಕೈ. ಈ ಬೀಗಕ್ಕೆ ವಿಜ್ಞಾನಿಗಳು ಗ್ರಾಹಕವೆಂದು ಹೆಸರಿಟ್ಟಿದ್ದಾರೆ. ೧೯೭೩ರಲ್ಲಿ ಅಮೆರಿಕದ ಎರಡು ಹಾಗೂ ಸ್ವೀಡನ್ನಿನ ಒಂದು ಪ್ರಯೋಗಾಲಯಗಳು ಮಿದುಳಿನಲ್ಲಿ ಅಂಥ ಗ್ರಾಹಕಗಳು ನಿಜವಾಗಿಯೂ ಇವೆಯೆಂದು ತೋರಿಸಿಕೊಟ್ಟವು.

ಇಲ್ಲಿಯೇ ನಿಜವಾದ ಒಗಟು. ಮನೆಗೆ ಬೀಗ ಮಾಡಿಸಿದವನ ಬಳಿ ಅದರ ಕೀಲಿಕೈ ಇರಲೇಬೇಕು. ಎಂದಾದರೊಮ್ಮೆ ಯಾರಾದರೂ ಅಫೀಮು ತಿಂದಾರೆಂದು ಪ್ರಕೃತಿಯು ಪ್ರಾಣಿಗಳ ಮಿದುಳಿನಲ್ಲಿ ಇಂಥ ಬೀಗಗಳನ್ನು ಜೋಡಿಸಿ ಕಾದುಕೊಂಡಿರುವುದು ಸಾಧ್ಯವಿಲ್ಲ. ಹಾಗಾದರೆ ಮೈಯೊಳಗೇ ಅದಕ್ಕೆ ತಕ್ಕ ಕೀಲಿಕೈ ಹುಟ್ಟುತ್ತಿರಬೇಕು. ಗಸಗಸೆಯ ಗಿಡದ್ದು ಆಕಸ್ಮಿಕವಾಗಿ ಹೊಂದಿಕೊಂಡ ಕಳ್ಳಕೀಲಿ ಮಾತ್ರ. ಗ್ರಾಹಕಗಳು ಪತ್ತೆಯಾಗುವ ಮೊದಲೇ ಕೊಸ್ಟರ್ಲಿಟ್ಸರ ಮನಸ್ಸಿನಲ್ಲಿ ಈ ಊಹೆ ಬೇರೂರಿತ್ತು.

ಆದರೆ ವಯಸ್ಸು ಕಾಯುವುದಿಲ್ಲವಷ್ಟೆ. ೧೯೬೮ರಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು ೧೯೭೩ರಲ್ಲಿ, ಎಪ್ಪತ್ತು ತುಂಬಿದಾಗ, ನಿಯಮದಂತೆ ನಿವೃತ್ತರಾದರು. ಬೇರೊಬ್ಬರಾಗಿದ್ದರೆ ತೋಟದಲ್ಲಿ ಗುಲಾಬಿ ಬೆಳೆಸುತ್ತ ಕಾಲ ಕಳೆಯುತ್ತಿದ್ದರೇನೊ. ಕೊಸ್ಟರ್ಲಿಟ್ಸರು ಅದೇ ವರ್ಷ ವ್ಯಸನಕಾರಿ ಔಷಧಗಳ ಸಂಶೋಧನೆಗೆಂದೇ ಒಂದು ಪ್ರತ್ಯೇಕ ಘಟಕವನ್ನು ಅಬರ್ಡೀನಿನಲ್ಲಿ ಆರಂಭಿಸಿದರು. ವಿಯೆಟ್ನಾಮ್ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಚಟ ಹಬ್ಬಿ ಜಗತ್ತೇ ಕಳವಳಗೊಂಡಿದ್ದ ಕಾಲವದು. ಹೆರಾಯಿನ್ ಎಂಬುದು ಮಾರ್ಫೀನಿಗೇ ಕೊಂಚ ರೂಪ ಬದಲಿಸಿ ಮಾಡಿದ ವಸ್ತು. ನೋವನ್ನು ನೀಗಬೇಕು, ಆದರೆ ಚಟ ಹಿಡಿಸಬಾರದು. ಅಂಥ ಮದ್ದೊಂದು ಸಿಕ್ಕರೆ ಎಂಬ ಆಸೆ ಎಲ್ಲರಲ್ಲಿಯೂ ಇತ್ತು. ಮೈಯೊಳಗಿನ ಕೀಲಿಕೈ ದೊರೆತರೆ ಅದೇ ಆ ಮದ್ದಾದೀತೆಂದು ಕೊಸ್ಟರ್ಲಿಟ್ಸರೂ ಹಂಬಲಿಸಿದರು.

ಅವರ ಜೊತೆಗೂಡಿದವರು ಜಾನ್ ಹ್ಯೂಸ್, ಮೂವತ್ತರ ಆಸುಪಾಸಿನ ತರುಣ. ಹುಡುಕಾಟಕ್ಕೆ ಬೇಕಾದುದು ಮಿದುಳು, ಅದೂ ಬಹಳಷ್ಟು. ಹ್ಯೂಸ್ ನಸುಕಿನಲ್ಲೆದ್ದು ಬೈಸಿಕಲ್ ಏರಿ ಕಸಾಯಿಖಾನೆಗೆ ಹೋಗುತ್ತಿದ್ದರು. ಅಲ್ಲಿಯ ಕೆಲಸಗಾರರ ಸ್ನೇಹ ಸಂಪಾದಿಸಲು ವಿಸ್ಕಿಯ ಬಾಟಲಿಯನ್ನೂ ಒಯ್ಯುತ್ತಿದ್ದರೆಂದು ಹೇಳುತ್ತಾರೆ. ಚಟದ ಮೂಲವನ್ನು ಅರಸುವ ಕಾರ್ಯಕ್ಕೆ ಮದ್ಯದ ನೆರವು ಬೇಕಾದುದು ವಿಧಿಯ ವಿನೋದವೆನ್ನಬೇಕು. ಹಂದಿಗಳ ಮಿದುಳನ್ನು ಮಂಜಿನಲ್ಲಿ ಹುದುಗಿಸಿ ತಂದು, ಅರೆದು, ಸೋಸಿ, ಭಟ್ಟಿ ಇಳಿಸಿ, ಕಡೆಗುಳಿದ ಅಲ್ಪಸಾರವನ್ನು ಆ ಹಳೆಯ ಕರುಳಿನ ಪಟ್ಟಿಯ ಪಾತ್ರೆಗೆ ಹನಿಸುವುದು. ಇಲಿಯ ವೀರ್ಯನಾಳದ ಮೇಲೂ ಅದೇ ಬಗೆಯಲ್ಲಿ ಪರೀಕ್ಷಿಸುವುದು. ಪಟ್ಟಿಯ ಕುಗ್ಗುವಿಕೆ ಕಿರಿದಾಯಿತು! ಅಷ್ಟಕ್ಕೇ ಹಿಗ್ಗುವಂತಿರಲಿಲ್ಲ, ಏಕೆಂದರೆ ಯಾವ ವಿಷವಾದರೂ ಅದನ್ನು ಮಾಡೀತು. ನಲೋಕ್ಸೋನ್ ಹಾಕಿದರು. ಪಟ್ಟಿ ಮತ್ತೆ ಚೇತರಿಸಿ ಕುಗ್ಗತೊಡಗಿತು. ಹಂದಿಯ ಮಿದುಳಿನಲ್ಲಿ ಮಾರ್ಫೀನಿನಂಥದೇ ಒಂದು ವಸ್ತು ಇರುವುದು ಹೀಗೆ ಖಚಿತವಾಯಿತು.

ಆ ವಸ್ತು ಯಾವುದೆಂದು ಅರಿಯುವುದು ಇನ್ನೂ ಕಷ್ಟದ ಕೆಲಸ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಪುಟ್ಟ ಸರ, ಎಂದರೆ ಪೆಪ್ಟೈಡ್, ಎಂದು ತಿಳಿಯಿತು. ಆದರೆ ಮಣಿಗಳ ಅನುಕ್ರಮ ಒಂದೇ ಸಮ ಗೊಂದಲ ಮಾಡುತ್ತಿತ್ತು. ಹೊವರ್ಡ್ ಮಾರಿಸ್ ಎಂಬ ರಸಾಯನಶಾಸ್ತ್ರಜ್ಞರು ಅಣುಗಳ ತೂಕ ಅಳೆಯುವ ಯಂತ್ರದ ನೆರವಿನಿಂದ ಗೊಂದಲದ ಕಾರಣ ಕಂಡುಹಿಡಿದರು: ಅಲ್ಲಿದ್ದುದು ಒಂದಲ್ಲ, ಎರಡು ಸರಗಳು. ಎರಡರಲ್ಲಿಯೂ ಐದೈದೇ ಮಣಿ. ಟೈರೋಸಿನ್, ಗ್ಲೈಸಿನ್, ಮತ್ತೊಂದು ಗ್ಲೈಸಿನ್, ಫೀನೈಲಲನಿನ್ ಇವು ನಾಲ್ಕೂ ಎರಡಕ್ಕೂ ಸಮಾನ. ಐದನೆಯದು ಒಂದರಲ್ಲಿ ಮೆಥಿಯೋನಿನ್, ಇನ್ನೊಂದರಲ್ಲಿ ಲ್ಯೂಸಿನ್. ೧೯೭೫ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಯಿತು. ತಲೆಯೊಳಗಿನದು ಎಂಬ ಅರ್ಥ ಬರುವ ಗ್ರೀಕ್ ಮಾತಿನಿಂದ ಅವಕ್ಕೆ ಎಂಕೆಫಲಿನ್ ಎಂದು ಹೆಸರಿಟ್ಟರು. ಕೊಸ್ಟರ್ಲಿಟ್ಸರಿಗೆ ಆಗ ಎಪ್ಪತ್ತೆರಡು ವರ್ಷ.

ಮುಂದಿನ ವರ್ಷಗಳಲ್ಲಿ ಈ ಕುಟುಂಬ ಬೆಳೆಯಿತು. ಎಂಡಾರ್ಫಿನ್, ಡೈನಾರ್ಫಿನ್ ಮೊದಲಾದವು ಬೇರೆ ಬೇರೆ ಕಡೆ ದೊರೆತವು. ನರಕೋಶಗಳು ತಮ್ಮ ಸಂದೇಶಕ್ಕಾಗಿ ಬಳಸುವ ಇಂಥ ಕಿರುಸರಗಳಿಗೆ ನರಪೆಪ್ಟೈಡ್‌ಗಳೆಂಬ ಹೆಸರು ಬಳಕೆಗೆ ಬಂದಿತು. ಬೀಗವೂ ಒಂದೇ ಬಗೆಯದಲ್ಲವೆಂದು ಕೊಸ್ಟರ್ಲಿಟ್ಸರ ಪ್ರಯೋಗಾಲಯವೇ ೧೯೭೭ರಲ್ಲಿ ತೋರಿಸಿತು.

ಆದರೆ ಅವರ ಹಂಬಲ? ಅದು ಕೈಗೂಡಲಿಲ್ಲ. ಮೈಯೊಳಗಿನ ಎಂಕೆಫಲಿನ್ ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ಕಿಣ್ವಗಳ ಬಾಯಿಗೆ ಬಿದ್ದು ಒಡೆದುಹೋಗುತ್ತದೆ. ಸೂಜಿಯಿಂದ ಕೊಟ್ಟರೂ ನಿಲ್ಲುವುದಿಲ್ಲ. ಒಡೆಯದಂತೆ ರೂಪ ಬದಲಿಸಿ ಪ್ರಾಣಿಗಳಿಗೆ ಕೊಟ್ಟು ನೋಡಿದರು. ನೋವು ತಗ್ಗಿತು, ಆದರೆ ಮಾರ್ಫೀನಿನಂತೆಯೇ ಅದಕ್ಕೂ ಮೈ ಒಗ್ಗಿಹೋಗಿ, ನಿಲ್ಲಿಸಿದಾಗ ಪ್ರಾಣಿಗಳು ಸಂಕಟಪಟ್ಟವು. ಕಳ್ಳಕೀಲಿಯಲ್ಲಿ ಮಾತ್ರ ದೋಷವಿದೆಯೆಂದು ಭಾವಿಸಿದ್ದವರಿಗೆ, ಸ್ವಂತ ಕೀಲಿಯೂ ಬೀಗದಲ್ಲಿ ಬಹಳ ಹೊತ್ತು ಉಳಿದರೆ ಅದೇ ಕೇಡನ್ನು ಮಾಡುತ್ತದೆಂಬುದು ಅರಿವಾಯಿತು. ನನ್ನ ಎಣಿಕೆಯಲ್ಲಿ, ಕೊಸ್ಟರ್ಲಿಟ್ಸರ ಗೆಲುವಿಗಿಂತ ಅವರ ಈ ಸೋಲೇ ಚಟದ ವಿಷಯದಲ್ಲಿ ನಮಗೆ ಹೆಚ್ಚು ತಿಳಿಸಿದೆ.

ಏಕೆಂಬುದನ್ನು ಅರಿಯಲು ಡೋಪಮೈನ್ ಎಂಬ ಇನ್ನೊಂದು ವಸ್ತುವಿನ ಪರಿಚಯ ಬೇಕು. ೧೯೫೪ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮಿದುಳಿನ ಒಂದು ಎಡೆಗೆ ತಂತಿ ಸೇರಿಸಿ, ಸನ್ನೆಯನ್ನು ಒತ್ತಿದರೆ ಅಲ್ಲಿಗೆ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿ ತಾನಾಗಿಯೇ ಸನ್ನೆಯನ್ನು ಮತ್ತೆ ಮತ್ತೆ ಒತ್ತತೊಡಗಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ದೇಶಿರಾಜು ಮತ್ತು ಅವರ ಸಂಗಡಿಗರು ಇಂಥ ಪ್ರಯೋಗಗಳನ್ನು ನಡೆಸಿ, ಹಾಗೆ ಒತ್ತುವ ಇಲಿಗಳ ನರಕೋಶಗಳಲ್ಲಿ ಹೊಸ ಕವಲುಗಳೇ ಒಡೆಯುವುದನ್ನು ಕಂಡು ೧೯೯೩ರಲ್ಲಿ ಪ್ರಕಟಿಸಿದರು. ಈ ಹಾದಿಯಲ್ಲಿ ಮುಖ್ಯವಾಗಿ ಹರಿಯುವ ಸಂದೇಶವಾಹಕವೇ ಡೋಪಮೈನ್. ಅದು ಮಿದುಳಿನ ಸಂದೇಶವಾಹಕಗಳಲ್ಲಿ ಒಂದೆಂಬುದನ್ನು ಸ್ವೀಡನ್ನಿನ ಕಾರ್ಲ್‌ಸನ್ ೧೯೫೦ರ ದಶಕದ ಕೊನೆಯಲ್ಲಿ ತೋರಿಸಿದ್ದರು. ಆ ಪ್ರಯೋಗದಲ್ಲಿ ಅವರು ಮೊಲಗಳಿಗೆ ಕೊಟ್ಟದ್ದು ನಮ್ಮ ನಾಡಿನ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ವಸ್ತುವನ್ನು. ಡೋಪಮೈನ್ ಎಂದರೆ ಸುಖವೇ ಎಂದು ತಿಳಿಯಬಾರದು. ಇದು ಬೇಕಾದುದು, ಇದನ್ನು ಮರೆಯಬೇಡ, ಮತ್ತೆ ಮಾಡು ಎಂದು ಮನಸ್ಸಿಗೆ ಗುರುತು ಹಾಕಿಕೊಡುವ ವಸ್ತುವದು. ಹಸಿದಾಗಿನ ಅನ್ನಕ್ಕೂ ದಣಿದಾಗಿನ ನೀರಿಗೂ ಅದು ಗುರುತು ಹಾಕುತ್ತದೆ.

ಎಂಕೆಫಲಿನ್ನಿಗೂ ಡೋಪಮೈನಿಗೂ ಇರುವ ಸಂಬಂಧವನ್ನು ನಮ್ಮ ಗದ್ದೆಬಯಲಿನ ರೀತಿಯಲ್ಲಿ ಹೇಳಬಹುದು. ಕೆರೆಯ ತೂಬನ್ನು ಕಾಯಲು ನೀರುಗಂಟಿ ಇರುತ್ತಾನೆ. ಬೇಕಾದಾಗ ಬೇಕಾದಷ್ಟೇ ನೀರು ಬಿಡುವುದು ಅವನ ಕೆಲಸ. ನಡುಮಿದುಳಿನಲ್ಲಿ ಡೋಪಮೈನ್ ಸುರಿಸುವ ನರಕೋಶಗಳಿಗೂ ಅಂಥ ಕಾವಲುಗಾರ ನರಕೋಶಗಳಿವೆ. ಅವು ಸದಾ ಅವನ್ನು ಹಿಡಿದು ನಿಲ್ಲಿಸಿರುತ್ತವೆ. ಎಂಕೆಫಲಿನ್ ಬಂದಾಗ ಈ ನೀರುಗಂಟಿಗೆ ಒಂದು ಕ್ಷಣ ಜೊಂಪು ಹತ್ತುತ್ತದೆ, ತೂಬು ತುಸು ತೆರೆಯುತ್ತದೆ, ಗದ್ದೆ ನೆನೆಯುತ್ತದೆ. ಕೂಡಲೇ ಅವನಿಗೆ ಎಚ್ಚರವಾಗುತ್ತದೆ. ಮಾರ್ಫೀನ್ ಅಥವಾ ಹೆರಾಯಿನ್ ಬಂದರೆ ಅವನು ಗಂಟೆಗಟ್ಟಲೆ ಗಾಢನಿದ್ದೆಗೆ ಬೀಳುತ್ತಾನೆ. ಬಯಲೆಲ್ಲ ನೀರುಪಾಲು. ಅಬರ್ಡೀನಿನಲ್ಲಿಯೇ ಕಲಿತ ಆಲನ್ ನಾರ್ತ್ ಮತ್ತು ಅವರ ಸಹೋದ್ಯೋಗಿ ಜಾನ್ಸನ್ ಈ ಕ್ರಮವನ್ನು ೧೯೯೨ರಲ್ಲಿ ಪ್ರಯೋಗದಿಂದ ತೋರಿಸಿದರು.

ಪ್ರವಾಹ ಮರುಕಳಿಸಿದರೆ ಊರಿನವರು ಸುಮ್ಮನಿರುವುದಿಲ್ಲ, ಕಟ್ಟೆಯನ್ನು ಎತ್ತರಿಸುತ್ತಾರೆ. ಮಿದುಳೂ ಹಾಗೆಯೇ. ಡೈನಾರ್ಫಿನ್ ಎಂಬ ನರಪೆಪ್ಟೈಡ್ ಎಂಕೆಫಲಿನ್ನಿನ ದಾಯಾದಿಯಾದರೂ ಗುಣದಲ್ಲಿ ಎದುರಾಳಿ. ಅದು ಡೋಪಮೈನನ್ನು ತಗ್ಗಿಸಿ ಮನಸ್ಸಿಗೆ ಬೇಸರ ಕವಿಸುತ್ತದೆ. ಚಟ ಮುಂದುವರಿದಂತೆ ಇಂಥ ತಡೆಗಳು ಬಲಿಯುತ್ತವೆ. ಆಗ ಮದ್ದು ನಿಂತ ದಿನ ಪ್ರವಾಹವೂ ಇಲ್ಲ, ಎಂದಿನ ಕಾಲುವೆಯ ನೀರೂ ಇಲ್ಲ, ಬರ. ಉಂಡ ಅನ್ನ ರುಚಿಸದು, ಮಕ್ಕಳ ಮುಖ ಕಂಡರೂ ಮನಸ್ಸು ಅರಳದು. ಆ ಬರವನ್ನು ನೀಗಲೆಂದೇ ಮನುಷ್ಯ ಮತ್ತೆ ಅದೇ ಬಾಗಿಲಿಗೆ ಹೋಗುತ್ತಾನೆ. ಇದು ಅಫೀಮಿನ ಕಥೆ ಮಾತ್ರವಲ್ಲ. ಅಫೀಮು, ಮದ್ಯ, ಕೊಕೇನ್, ಹೊಗೆಸೊಪ್ಪಿನ ನಿಕೋಟಿನ್ ಎಲ್ಲವೂ ಬೇರೆ ಬೇರೆ ದಾರಿ ಹಿಡಿದರೂ ಕಡೆಗೆ ಡೋಪಮೈನನ್ನೇ ಏರಿಸುತ್ತವೆಯೆಂದು ಇಟಲಿಯ ವಿಜ್ಞಾನಿಗಳು ೧೯೮೮ರಲ್ಲಿ ಇಲಿಗಳಲ್ಲಿ ಕಂಡರು. ನಮ್ಮ ನೆರೆಯ ಪಿರಿಯಾಪಟ್ಟಣ, ಅರಕಲಗೂಡು ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪಿಗೂ ಈ ಕಥೆ ಸಲ್ಲುತ್ತದೆ. ಮದ್ಯವಂತೂ ಮೈಯೊಳಗಿನ ನರಪೆಪ್ಟೈಡ್‌ಗಳನ್ನೇ ಹೊರಡಿಸಿ ತನ್ನ ಕೆಲಸ ಸಾಧಿಸುತ್ತದೆ. ಆದುದರಿಂದಲೇ ನಲೋಕ್ಸೋನಿನ ಬಳಗದ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕುಡಿತ ಬಿಡುವವರಿಗೂ ನೆರವಾಗುತ್ತದೆ. ಅಮೆರಿಕದಲ್ಲಿ ೧೯೯೪ರಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಇಲ್ಲಿ ನನ್ನದೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಕರ್ನಾಟಕದಲ್ಲಿ ೨೦೦೭ರವರೆಗೆ ಸಾರಾಯಿ ಮಾರಾಟಕ್ಕೆ ಪರವಾನಗಿ ಇದ್ದಿತು. ಆ ದಿನಗಳಲ್ಲಿ ನಮ್ಮ ಓಣಿಯ ಒಬ್ಬ ಕುಶಲ ಬಡಗಿ ಕುಡಿತಕ್ಕೆ ಬಿದ್ದನು. ಮೂರು ಸಲ ದೇವರ ಮುಂದೆ ಆಣೆಯಿಟ್ಟು ಬಿಟ್ಟನು, ಮೂರು ಸಲವೂ ಮತ್ತೆ ಹಿಡಿದನು. ಅವನ ಮಗ ನನ್ನ ತರಗತಿಯಲ್ಲಿಯೇ ಕುಳಿತಿದ್ದ. ಮನಸ್ಸು ಗಟ್ಟಿಯಿಲ್ಲದವರು ಮಾತ್ರ ಚಟಕ್ಕೆ ಬೀಳುತ್ತಾರೆಂದು ನಾನು ಆ ತರಗತಿಯಲ್ಲಿ ಪಾಠದ ನಡುವೆ ಹೇಳಿದೆ. ಹುಡುಗ ತಲೆ ತಗ್ಗಿಸಿದ್ದು ಇನ್ನೂ ನೆನಪಿದೆ. ಆ ವೇಳೆಗೆ ಎಂಕೆಫಲಿನ್ ದೊರೆತು ಹಲವು ವರ್ಷಗಳಾಗಿದ್ದವು; ಬೆಂಗಳೂರಿನಲ್ಲಿ ವ್ಯಸನಿಗಳನ್ನು ರೋಗಿಗಳೆಂದೇ ಬಗೆದು ಚಿಕಿತ್ಸೆ ಕೊಡುವ ವೈದ್ಯರೂ ಇದ್ದರು. ಓದಿ ತಿಳಿಯಬೇಕಾಗಿದ್ದ ನನಗೆ ಅದು ತಿಳಿದಿರಲಿಲ್ಲ. ಮೊದಲ ಲೋಟವನ್ನು ಎತ್ತಿದ್ದು ಬಡಗಿಯ ಕೈಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನೂರನೆಯ ಲೋಟವನ್ನು ಎತ್ತಿದ್ದು ಅದೇ ಸ್ವತಂತ್ರವಾದ ಕೈಯೇ ಎಂದು ಕೇಳಿದರೆ ಹೌದೆನ್ನಲು ಈಗ ನನಗೆ ಧೈರ್ಯವಿಲ್ಲ.

ಕೊಸ್ಟರ್ಲಿಟ್ಸರಿಗೆ ಗೌರವಗಳು ತಡವಾಗಿ ಬಂದವು. ೧೯೭೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅದೇ ವರ್ಷ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಅವರಿಗೆ, ಹ್ಯೂಸರಿಗೆ ಮತ್ತು ಗ್ರಾಹಕಗಳನ್ನು ಕಂಡುಹಿಡಿದ ಸ್ನೈಡರರಿಗೆ ಜಂಟಿಯಾಗಿ ದೊರೆಯಿತು. ಸ್ನೈಡರರ ಪ್ರಯೋಗಾಲಯದಲ್ಲಿ ಆ ಪ್ರಯೋಗವನ್ನು ಕೈಯಾರೆ ನಡೆಸಿದ್ದ ಕ್ಯಾಂಡೇಸ್ ಪರ್ಟ್ ಎಂಬ ತರುಣಿಯ ಹೆಸರನ್ನು ಬಿಟ್ಟುದಕ್ಕಾಗಿ ಆಗ ದೊಡ್ಡ ವಿವಾದವೇ ಎದ್ದಿತು. ಆಕೆಯ ಅಸಮಾಧಾನ ನ್ಯಾಯವಾದುದೆಂದೇ ನನಗೆ ತೋರುತ್ತದೆ. ನೊಬೆಲ್ ಪಾರಿತೋಷಕ ಮಾತ್ರ ಈ ಶೋಧಕ್ಕಾಗಿ ಯಾರಿಗೂ ಬರಲಿಲ್ಲ.

ತೊಂಬತ್ತು ಸಮೀಪಿಸಿದಾಗಲೂ ಅವರು ಅಬರ್ಡೀನಿನ ತಮ್ಮ ಘಟಕವನ್ನು ಬಿಟ್ಟಿರಲಿಲ್ಲ. ಗಿನಿಪಿಗ್ಗಿನ ಕರುಳಿನ ಪಟ್ಟಿ, ಬೆಚ್ಚಗಿನ ದ್ರಾವಣ, ಕಾಗದದ ಮೇಲೆ ಏರಿಳಿಯುವ ಗೆರೆ ಇವುಗಳ ಜೊತೆಯಲ್ಲಿಯೇ ಅವರ ಮುಪ್ಪು ಕಳೆಯಿತು. ೧೯೯೬ರ ಅಕ್ಟೋಬರ್ ೨೬ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಅಬರ್ಡೀನಿನಲ್ಲಿಯೇ ಅವರು ಕಣ್ಣುಮುಚ್ಚಿದರು. ಇಂದು ಆ ವಿಶ್ವವಿದ್ಯಾನಿಲಯದಲ್ಲಿ ಔಷಧ ಸಂಶೋಧನೆಯ ಕೇಂದ್ರವೊಂದಕ್ಕೆ ಅವರ ಹೆಸರಿದೆ. ತಂದೆಯ ದಾರಿಯನ್ನು ಹಿಡಿಯದೆ ಭೌತವಿಜ್ಞಾನ ಕಲಿತ ಮಗ ಮೈಕಲ್, ತಂದೆ ತೀರಿದ ಇಪ್ಪತ್ತು ವರ್ಷಗಳ ಮೇಲೆ, ೨೦೧೬ರಲ್ಲಿ, ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು.